ಹವ್ಯಾಸಕ್ಕೆ ತ್ರೀಡಿ ಕಲಿಯೋದಾದ್ರೆ ಮೊದಲು ಒಂದು ಕಂಬ ಮಾಡಿ

ತ್ರೀಡಿ ಶುರು ಮಾಡುವವರೆಲ್ಲ ಮೊದಲು ಕೇಳೋದು ಒಂದೇ, ಯಾವ ಸಾಫ್ಟ್‌ವೇರ್ ಅಂತ. ಬ್ಲೆಂಡರ್ ಹಾಕಿಕೊಳ್ಳಿ. ಪೂರ್ತಿ ಉಚಿತ, 2002ರಿಂದ ಓಪನ್ ಸೋರ್ಸ್. ಮಾಡೆಲಿಂಗ್ (ಆಕಾರ ಕಟ್ಟುವುದು), ಸ್ಕಲ್ಪ್ಟಿಂಗ್ (ಜೇಡಿಮಣ್ಣಿನ ಹಾಗೆ ಒತ್ತಿ ತಿದ್ದುವುದು), ಅನಿಮೇಷನ್, ರೆಂಡರ್ (ಕೊನೆಯ ಚಿತ್ರ ತೆಗೆಯುವುದು) ಎಲ್ಲಾ ಒಂದರಲ್ಲೇ ಇದೆ. ಮಾಯಾ ಅನ್ನೋ ದುಡ್ಡಿನ ಸಾಫ್ಟ್‌ವೇರ್, ಸ್ಟುಡಿಯೋಗಳಲ್ಲಿ ಕೆಲಸ ಹುಡುಕುವವರಿಗೆ ಬೇಕಾಗಬಹುದು, ಸಂಜೆ ಮನೆಯಲ್ಲಿ ಕೂತು ಮಾಡುವವರಿಗೆ ವರ್ಷ ವರ್ಷ ದುಡ್ಡು ಕಟ್ಟುವ ಅಗತ್ಯ ಇಲ್ಲ.

ನಾನು ಕಲಿತಿದ್ದು ಒಂದು ದುಬಾರಿ ಸಾಫ್ಟ್‌ವೇರಿನ ವಿದ್ಯಾರ್ಥಿ ಲೈಸೆನ್ಸಿನಲ್ಲಿ. ಕಾಲೇಜು ಮುಗಿಯಿತು, ಲೈಸೆನ್ಸೂ ಮುಗಿಯಿತು. ಒಂದು ವರ್ಷ ಕೂತು ಮಾಡಿದ್ದ ಮಂಡ್ಯ ಕಡೆಯ ಆಲೆಮನೆ, ಗಾಣ, ಕೊಪ್ಪರಿಗೆ ಸಮೇತ, ಆ ಫೈಲಿನೊಳಗೇ ಉಳಿಯಿತು. ಇವತ್ತಿಗೂ ಬೇಜಾರು. ಯಾವುದರಲ್ಲಿ ಮಾಡಿದರೂ ಮುಖ್ಯ ಮಾಡೆಲ್‌ಗಳನ್ನು ಬೇರೆ ಸಾಫ್ಟ್‌ವೇರ್‌ಗಳಲ್ಲೂ ತೆರೆಯುವ ಓಬಿಜೆ ಅಥವಾ ಎಫ್‌ಬಿಎಕ್ಸ್ ಫೈಲ್ ಆಗಿಯೂ ಉಳಿಸಿಡಿ.

ಕಂಪ್ಯೂಟರಿಗೆ 8 ಜಿಬಿ ರ‍್ಯಾಮ್ ಕನಿಷ್ಠ, 16 ಇದ್ದರೆ ಆರಾಮ. ಮಧ್ಯದ ಚಕ್ರ ಒತ್ತುವಂಥ ಮೌಸ್ ಬೇಕೇ ಬೇಕು. ವಿಡಿಯೋ ನೋಡಿ ಕಲಿಯುವುದಾದರೆ 2019ರ ನಂತರದ್ದು ನೋಡಿ, ಆ ವರ್ಷ ಬಂದ ಬ್ಲೆಂಡರ್ 2.80ರಲ್ಲಿ ಪರದೆಯ ರೂಪವೇ ಬದಲಾಯಿತು.

ಈಗ ಸೋಮನಾಥಪುರಕ್ಕೆ ಒಂದು ಸಲ ಹೋಗಿ ಬನ್ನಿ. ಕೇಶವ ದೇವಸ್ಥಾನದ ಒಳಗೆ ತಿರುಗಣೆಯಲ್ಲಿ ಕಡೆದ ಕಂಬಗಳಿವೆ. ಒಂದನ್ನು ಸ್ವಲ್ಪ ದೂರದಿಂದ, ಜೂಮ್ ಮಾಡಿ, ನೇರವಾಗಿ ಫೋಟೋ ತೆಗೆಯಿರಿ. ಹತ್ತಿರದಿಂದ ತೆಗೆದರೆ ಆಕಾರ ಸೊಟ್ಟಗಾಗುತ್ತದೆ. ಫೋಟೋವನ್ನು ಬ್ಲೆಂಡರಿನ ಮುಂದಿನ ನೋಟದಲ್ಲಿಟ್ಟು, ಕಂಬದ ನಡು ಗೆರೆ ಆಬ್ಜೆಕ್ಟಿನ ಒರಿಜಿನ್ (ಅದು ತಿರುಗುವ ಕೇಂದ್ರ ಬಿಂದು) ಮೇಲೆ ಬರುವ ಹಾಗೆ ಕೂರಿಸಿ. ಆಮೇಲೆ ಒಂದು ಬಿಂದುವಿನಿಂದ ಶುರು ಮಾಡಿ, ಕೀಬೋರ್ಡಿನ ಇ (E) ಒತ್ತುತ್ತಾ ಒಂದೇ ಪಕ್ಕದ ಅಂಚನ್ನು ಬುಡದಿಂದ ತುದಿಗೆ ಎಳೆಯುತ್ತಾ ಹೋಗಿ, ಉಬ್ಬು, ತಗ್ಗು, ಸಣ್ಣ ಬಳೆಯಂಥ ಅಂಚು ಯಾವುದನ್ನೂ ಬಿಡಬೇಡಿ. ಅದಕ್ಕೆ ಸ್ಕ್ರೂ ಮಾಡಿಫೈಯರ್ ಅನ್ನೋ ಬ್ಲೆಂಡರಿನ ಸಾಧನ ಹಾಕಿ. ಆ ಅರ್ಧ ಗೆರೆ 360 ಡಿಗ್ರಿ ತಿರುಗಿ ಕಂಬ ಎದ್ದು ನಿಲ್ಲುತ್ತದೆ! ಹೊಯ್ಸಳರ ಶಿಲ್ಪಿಗಳು ಕಲ್ಲನ್ನೇ ತಿರುಗಿಸಿ ಕಡೆದರು, ನಾವು ಗೆರೆಯನ್ನು ತಿರುಗಿಸುತ್ತೇವೆ, ಅಷ್ಟೇ ವ್ಯತ್ಯಾಸ.

ಇಲ್ಲಿಗೇ ಬಿಡಬೇಡಿ. ಕಲ್ಲಿನ ಮೈ ಕೊಡಿ, ಬೆಳಕು ಇಡಿ, ಒಂದು ರೆಂಡರ್ ತೆಗೆಯಿರಿ. ಬ್ಲೆಂಡರಿನಲ್ಲೇ ಎರಡು ರೆಂಡರ್ ಎಂಜಿನ್ ಇವೆ, ಬೇಗ ನೋಡಲು ಈವಿ, ಕೊನೆಯ ಚಿತ್ರಕ್ಕೆ ಸೈಕಲ್ಸ್. ಯಾವುದರಲ್ಲಿ ಪಳಗಬೇಕು ಅನ್ನೋದು ಇಷ್ಟು ಮಾಡಿದ ಮೇಲೆ ತಾನಾಗೇ ಗೊತ್ತಾಗುತ್ತದೆ, ಯಾವ ಹಂತದಲ್ಲಿ ಊಟದ ಹೊತ್ತು ಮರೆತಿರಿ ಅಂತ ನೆನಪು ಮಾಡಿಕೊಳ್ಳಿ, ಸಾಕು. ಬಳೆಯ ಅಂಚು ನೇರ ಮಾಡುವುದರಲ್ಲಾ? ಹಾಗಾದರೆ ಹಾರ್ಡ್ ಸರ್ಫೇಸ್, ಅಂದರೆ ಯಂತ್ರ, ಕಟ್ಟಡದಂಥ ಗಟ್ಟಿ ಅಂಚಿನ ವಸ್ತುಗಳ ಮಾಡೆಲಿಂಗ್ ಹಿಡಿಯಿರಿ. ಕಂಬ ಬಿಟ್ಟು ಗೋಡೆಯ ವಿಗ್ರಹಗಳ ಕಡೆಗೇ ಮನಸ್ಸು ಹೋಯಿತಾ? ಸ್ಕಲ್ಪ್ಟಿಂಗ್. ಆಗ ಮಾತ್ರ ಪೆನ್ ಟ್ಯಾಬ್ಲೆಟ್ ಕೊಳ್ಳಿ. ಸ್ಕಲ್ಪ್ಟಿಂಗಿಗೆಂದೇ ಇರುವ ಜೀಬ್ರಷ್ ಸಾಫ್ಟ್‌ವೇರಿನ ಯೋಚನೆ ಇನ್ನೂ ಆಮೇಲೆ, ಬ್ಲೆಂಡರಿನ ಬ್ರಷ್‌ಗಳಲ್ಲೇ ಕೈ ಚೆನ್ನಾಗಿ ಪಳಗುತ್ತದೆ. ಲೆಕ್ಕ, ನಿಯಮ ಇಷ್ಟ ಆದರೆ, ನಿಯಮ ಜೋಡಿಸಿ ಆಕಾರ ಹುಟ್ಟಿಸುವ ಬ್ಲೆಂಡರಿನ ಜಿಯಾಮೆಟ್ರಿ ನೋಡ್ಸ್ ಇದೆ.

ಒಂದನ್ನು ಹಿಡಿದ ಮೇಲೆ ಆರು ತಿಂಗಳು ಬಿಡಬೇಡಿ. ನಾನು ಮೂರು ಸಂಜೆ ಕಂಬದ ಪಕ್ಕದ ಒಂದೇ ದೀಪವನ್ನು ಆ ಕಡೆ ಈ ಕಡೆ ಸರಿಸುತ್ತಾ ಕೂತಿದ್ದೆ. ಅವತ್ತಿಂದ ಬೆಳಕಿನದೇ ಕೆಲಸ. ಈಗ ದೇವರಾಜ ಮಾರ್ಕೆಟ್ಟಿನ ಕುಂಕುಮದ ರಾಶಿ ಮಾಡುತ್ತಿದ್ದೇನೆ, ಮೇಲೆ ತೂಗುವ ಬಲ್ಬಿನ ಹಳದಿ ಆ ಕೆಂಪಿನ ಮೇಲೆ ಇನ್ನೂ ಸರಿಯಾಗಿ ಕೂತಿಲ್ಲ.