ಉಗ್ರಾಣದಲ್ಲಿ ಸ್ಪೆಕ್ಟ್ರೋಗ್ರಾಫ್, ಜಗಲಿಯಲ್ಲಿ ಬಾರೋಮೀಟರ್

ನಮ್ಮ ಮನೆಯ ಉಗ್ರಾಣಕ್ಕೆ ಕಿಟಕಿ ಇಲ್ಲ. 2 ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಲಗೆಯ ಅಟ್ಟ. ಮೊದಲು ಅಲ್ಲಿ ಉಪ್ಪಿನಕಾಯಿ ಜಾಡಿ, ಕಾಳುಮೆಣಸಿನ ಚೀಲ ಇರುತ್ತಿದ್ದವು. ಈಗ ಒಂದು ಕಬ್ಬಿಣದ ಡ್ರಮ್ ಇದೆ. ಅದರೊಳಗೆ ನಾನೇ ಕಟ್ಟಿದ ಸ್ಪೆಕ್ಟ್ರೋಗ್ರಾಫ್, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಫೋಟೋ ತೆಗೆಯುವ ಉಪಕರಣ. ಜಾಡಿಗಳನ್ನು ಎತ್ತಿಸಿದ್ದಕ್ಕೆ ಅಮ್ಮನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಚಿಕ್ಕಮಗಳೂರಿನ ಮಲ್ಲಂದೂರು ಕಡೆ ನಮ್ಮ ಕಾಫಿ ತೋಟ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಬೇರೆ ನಕ್ಷತ್ರದ ಸುತ್ತ ಸುತ್ತುವ ಗ್ರಹವೊಂದನ್ನು ನನ್ನ 10 ಇಂಚಿನ ಟೆಲಿಸ್ಕೋಪಿನಲ್ಲೇ ಹಿಡಿಯಬೇಕು ಅನ್ನೋ ಹುಚ್ಚು ಹಿಡಿದಿತ್ತು. ಹೊಸ ಗ್ರಹ ಅಲ್ಲ, ಅಷ್ಟು ದುರಾಸೆ ಇಲ್ಲ. ಆರಿಸಿಕೊಂಡಿದ್ದು ಟೌ ಬೂಟಿಸ್ ಎಂಬ ನಕ್ಷತ್ರ. ನಮ್ಮ ಸ್ವಾತಿ ನಕ್ಷತ್ರದ ಪಕ್ಕದ್ದೇ, ಬರಿಗಣ್ಣಿಗೂ ಕಾಣುತ್ತದೆ. ಅದರ ಗ್ರಹ 1990ರ ದಶಕದಲ್ಲೇ ಪತ್ತೆಯಾಗಿದೆ. ಗುರುವಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ತೂಕ, 3.3 ದಿನಕ್ಕೊಂದು ಸುತ್ತು. ಅದು ಎಳೆದ ಹಾಗೆಲ್ಲ ನಕ್ಷತ್ರ ಸೆಕೆಂಡಿಗೆ ಸುಮಾರು 470 ಮೀಟರ್ ವೇಗದಲ್ಲಿ ನಮ್ಮ ಕಡೆ ಬರುತ್ತದೆ, ಮತ್ತೆ ದೂರ ಹೋಗುತ್ತದೆ. ನಕ್ಷತ್ರದ ರೋಹಿತದಲ್ಲಿ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿಯಲ್ಲಿ, ಇರುವ ಕಪ್ಪು ಗೆರೆಗಳೂ ಅದಕ್ಕೆ ತಕ್ಕಂತೆ ನೀಲಿ ಕಡೆಗೊಮ್ಮೆ, ಕೆಂಪು ಕಡೆಗೊಮ್ಮೆ ಸರಿಯುತ್ತವೆ.

ಎಷ್ಟು ಸರಿಯುತ್ತವೆ? ನನ್ನ ಉಪಕರಣದಲ್ಲಿ ಕ್ಯಾಮೆರಾದ ಒಂದು ಪಿಕ್ಸೆಲ್ ಅಂದರೆ ಸೆಕೆಂಡಿಗೆ 9 ಕಿಲೋಮೀಟರ್. 470 ಮೀಟರ್ ಅಂದರೆ ಪಿಕ್ಸೆಲ್ಲಿನ ಹತ್ತೊಂಬತ್ತನೇ ಒಂದು ಪಾಲು, ಸುಮಾರು ಕಾಲು ಮೈಕ್ರಾನ್. ತಲೆಕೂದಲನ್ನು ಮುನ್ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು. ಒಂದೇ ಗೆರೆ ನೋಡಿದರೆ ಇದು ಕಾಣುವುದಿಲ್ಲ. ಸಾವಿರಾರು ಗೆರೆಗಳನ್ನು ಒಟ್ಟಿಗೆ ಹೊಂದಿಸಿ ನೋಡಬೇಕು. ಅಷ್ಟು ಹೊತ್ತೂ ಉಪಕರಣ ತಾನಾಗಿ ಅಲುಗಾಡಬಾರದು. ಕಷ್ಟ ಇರುವುದೇ ಅಲ್ಲಿ.

ಮೊದಲ ವರ್ಷ ಸ್ಪೆಕ್ಟ್ರೋಗ್ರಾಫನ್ನು ಟೆಲಿಸ್ಕೋಪಿನ ಬೆನ್ನಿಗೇ ಕಟ್ಟಿದ್ದೆ. ಟೆಲಿಸ್ಕೋಪು ಪೂರ್ವದಿಂದ ಪಶ್ಚಿಮಕ್ಕೆ ವಾಲಿದ ಹಾಗೆ ಉಪಕರಣವೂ ಬಾಗಿ ಗೆರೆಗಳು ಒಂದೆರಡು ಪಿಕ್ಸೆಲ್ ಓಡಾಡಿದವು. ಅದರ ಬಗ್ಗೆ ಹೇಳಲು ಇಷ್ಟೇ ಇದೆ. ಆಮೇಲೆ ಬಂದಿದ್ದು ಫೈಬರ್, ಬೆಳಕು ಸಾಗಿಸುವ ಗಾಜಿನ ಎಳೆ. ಟೆಲಿಸ್ಕೋಪು ಕಾಫಿ ಒಣಗಿಸುವ ಕಣದಲ್ಲಿ, ಸ್ಪೆಕ್ಟ್ರೋಗ್ರಾಫ್ ಉಗ್ರಾಣದಲ್ಲಿ, ನಡುವೆ 50 ಮೈಕ್ರಾನಿನ ಎಳೆಯಲ್ಲಿ ನಕ್ಷತ್ರದ ಬೆಳಕು. 1995ರಲ್ಲಿ ಖಗೋಳ ವಿಜ್ಞಾನಿಗಳಾದ ಮೇಯರ್ ಮತ್ತು ಕೆಲೋಜ್ 51 ಪೆಗಾಸಿ ಎಂಬ ನಕ್ಷತ್ರದ ಗ್ರಹ ಕಂಡಿದ್ದು ಎಲೋಡಿ ಎಂಬ ಇಂಥದೇ ಫೈಬರ್ ಉಪಕರಣದಲ್ಲಿ. ನಮ್ಮ ಮೌಂಟ್ ಅಬುವಿನಲ್ಲಿರುವ ಪರಸ್ ಕೂಡ ಇದೇ ಜಾತಿಯದು. ಫೈಬರನ್ನು ಪಿವಿಸಿ ಪೈಪಿನೊಳಗೆ ತೂರಿಸಿ ಕಣದ ಅಂಚಿನಲ್ಲಿ ಹೂತೆ. ಎರಡೇ ವಾರಕ್ಕೆ ಹೆಗ್ಗಣ ಕಡಿಯಿತು. ಈಗ ಪೈಪಿನ ಎರಡೂ ತುದಿಗೆ ಸ್ಟೀಲ್ ಜಾಲರಿ ಇದೆ.

ಉಗ್ರಾಣದೊಳಗೆ ರಾತ್ರಿಯಿಡೀ ಉಷ್ಣತೆ 1 ಡಿಗ್ರಿಯೊಳಗೇ ಇರುತ್ತದೆ. ಮಣ್ಣಿನ ಗೋಡೆಯ ಪುಣ್ಯ. ಆದರೆ 1 ಡಿಗ್ರಿಯೂ ಜಾಸ್ತಿಯೇ. ಅಷ್ಟಕ್ಕೇ ಗಾಳಿಯ ವಕ್ರೀಭವನ ಬದಲಾಗಿ ಸೆಕೆಂಡಿಗೆ 200 ಮೀಟರಿಗೂ ಜಾಸ್ತಿ ಸುಳ್ಳು ವೇಗ ಕಾಣಿಸಿಕೊಳ್ಳುತ್ತದೆ. ಲೋಹ ಹಿಗ್ಗುವುದು ಬೇರೆ. ಅದಕ್ಕೇ ಸ್ಪೆಕ್ಟ್ರೋಗ್ರಾಫನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟು, ಅದನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು, ನಡುವೆ ಭತ್ತದ ಹೊಟ್ಟು ತುಂಬಿದೆ. ಶಾಖ ಚೆನ್ನಾಗಿಯೇ ತಡೆಯಿತು, ಆದರೆ ಲೆನ್ಸಿನ ಮೇಲೆಲ್ಲ ದೂಳು. ಒಂದು ಭಾನುವಾರ ಪೂರ್ತಿ ಒರೆಸಿ, ಹೊಟ್ಟು ತೆಗೆದು ಥರ್ಮೋಕೋಲ್ ಹಾಕಿದೆ. ಒಳಗೆ ಸಣ್ಣ ಹೀಟರ್, ಅದಕ್ಕೊಂದು ಕಂಟ್ರೋಲರ್. ಗುರಿ ಇಟ್ಟಿದ್ದು 28 ಡಿಗ್ರಿ. ಇಷ್ಟು ಬಿಸಿ ಯಾಕೆ ಅಂತ ಕೇಳುತ್ತಾರೆ. ನನ್ನ ಹತ್ತಿರ ಬಿಸಿ ಮಾಡುವ ದಾರಿ ಇದೆ, ತಣ್ಣಗೆ ಮಾಡುವ ದಾರಿ ಇಲ್ಲ. ಆದ್ದರಿಂದ ಕೋಣೆ ಎಂದೂ ಮುಟ್ಟದ ಉಷ್ಣತೆಯನ್ನೇ ಹಿಡಿಯಬೇಕು. ಕ್ಯಾಮೆರಾವನ್ನೂ ಹಗಲು ರಾತ್ರಿ ಆನ್ ಇಟ್ಟೆ. ಸಂಜೆ ಆನ್ ಮಾಡಿದರೆ ಅದರ ಶಾಖ ಎಲ್ಲ ಕಡೆ ಹರಡಿ ನೆಲೆ ನಿಲ್ಲುವಷ್ಟರಲ್ಲಿ ಬೆಳಗಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಒಳಗಿನ ಉಷ್ಣತೆ 0.05 ಡಿಗ್ರಿಯೊಳಗೆ ನಿಂತಿತು. ನಾನು ಬೀಗಿದೆ. ಟೌ ಬೂಟಿಸ್ ನೋಡಿದರೆ ಮಾತ್ರ ಪ್ರತಿ ರಾತ್ರಿಯೂ ಒಂದೇ ಕಥೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅದು ನಮ್ಮಿಂದ ದೂರ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಗ್ರಹದ ಅವಧಿ 3.3 ದಿನ. ದಿನಾ ರಾತ್ರಿ ಹೀಗೆ ಒಂದೇ ಕಡೆ ಓಡಲು ಸಾಧ್ಯವೇ ಇಲ್ಲ.

ಮೊದಲು ಲೆಕ್ಕದ ಮೇಲೆ ಅನುಮಾನ ಬಂತು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತದೆ. ತನ್ನ ಸುತ್ತ ತಿರುಗುವಾಗ ನಮ್ಮ ಊರನ್ನು ಸುಮಾರು 450 ಮೀಟರ್ ವೇಗದಲ್ಲಿ ಹೊತ್ತೊಯ್ಯುತ್ತದೆ. ಎರಡನ್ನೂ ಕಳೆಯಬೇಕು. ಎರಡನೆಯದು ನಾನು ಹುಡುಕುವ ಗ್ರಹದ ಗುರುತಿನಷ್ಟೇ ಇದೆ ನೋಡಿ. ಮೂರು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಕ್ಷತ್ರವನ್ನು ಬಿಟ್ಟೇಬಿಟ್ಟೆ. ಇಡೀ ರಾತ್ರಿ ಬರೀ ಥೋರಿಯಂ-ಆರ್ಗಾನ್ ದೀಪದ ಬೆಳಕನ್ನು ಫೈಬರಿಗೆ ಹಾಕಿ 10 ನಿಮಿಷಕ್ಕೊಂದು ಫೋಟೋ ತೆಗೆದೆ. ಥೋರಿಯಂ ಗೆರೆಗಳು ಎಲ್ಲೂ ಹೋಗುವುದಿಲ್ಲ. ಅವು ಸರಿದವು ಅಂದರೆ ಸರಿದಿದ್ದು ನನ್ನ ಪೆಟ್ಟಿಗೆ. ಬೆಳಿಗ್ಗೆ ಗ್ರಾಫ್ ಹಾಕಿದೆ. ರಾತ್ರಿ ಹತ್ತರವರೆಗೆ ಗೆರೆ ಒಂದು ಕಡೆ ಹತ್ತಿ, ಅಲ್ಲಿಂದ ತಿರುಗಿ ಬೆಳಗಿನ ನಾಲ್ಕರವರೆಗೆ ಮೆಲ್ಲಗೆ ಇನ್ನೊಂದು ಕಡೆ ಜಾರಿತ್ತು. ವೇಗದ ಲೆಕ್ಕದಲ್ಲಿ ಒಟ್ಟು ಸೆಕೆಂಡಿಗೆ 160 ಮೀಟರಿನಷ್ಟು. ಉಷ್ಣತೆಯ ಗ್ರಾಫ್ ಮಾತ್ರ ನೇರವಾಗಿ ಮಲಗಿತ್ತು.

ಆ ಪ್ರಿಂಟ್ ಹಿಡಿದು ಜಗಲಿಯಲ್ಲಿ ಕೂತಿದ್ದೆ. ನಮ್ಮ ತೋಟದ ರೈಟರು ಮಳೆ ಪುಸ್ತಕ ಬರೆಯಲು ಬಂದರು. ಜಗಲಿಯ ಗೋಡೆಯಲ್ಲಿ ಅಜ್ಜನ ಕಾಲದ ಒಂದು ಬಾರೋಮೀಟರ್ ಇದೆ. ರೈಟರು ಅದರ ಗಾಜನ್ನು ಬೆರಳಲ್ಲಿ ತಟ್ಟಿ ಮುಳ್ಳು ನೋಡಿದರು.

“ಇಳಿದಿದೆಯಾ? ಮಳೆ ಬರುತ್ತಾ?” ಅಂದೆ ಸುಮ್ನೆ.

“ಅದಲ್ಲ ಮೇಷ್ಟ್ರೇ. ದಿನಾ ಬೆಳಿಗ್ಗೆ ಹತ್ತಕ್ಕೆ ಏರತ್ತೆ, ಸಂಜೆ ನಾಲ್ಕಕ್ಕೆ ಇಳಿಯತ್ತೆ. ಅದಕ್ಕೂ ಜಾಸ್ತಿ ಇಳಿದ್ರೆ ಮಾತ್ರ ಕಣಕ್ಕೆ ಟಾರ್ಪಾಲ್ ಹೊದಿಸ್ತೀನಿ” ಅಂದರು.

ಹತ್ತು, ನಾಲ್ಕು. ನನ್ನ ಗ್ರಾಫಿನಲ್ಲಿ ಇದ್ದಿದ್ದೂ ಅದೇ, ರಾತ್ರಿಯದು ಅಷ್ಟೇ. ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೆ ದಿನಕ್ಕೆರಡು ಉಬ್ಬರ ಇಳಿತ ಇದೆ ಅಂತ ನಾನೂ ಓದಿದ್ದೆ. ಬಿಸಿಲು ಮೇಲಿನ ಗಾಳಿಯನ್ನು ಕಾಯಿಸುವುದರಿಂದ ಏಳುವ ಅಲೆ ಅದು. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕಕ್ಕೆ ನಮ್ಮಲ್ಲಿ ಒತ್ತಡ ಸುಮಾರು 2 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಒತ್ತಡ ಇಳಿದರೆ ಗಾಳಿ ತೆಳುವಾಗುತ್ತದೆ, ಅದರೊಳಗೆ ಬೆಳಕಿನ ತರಂಗಾಂತರ ಚೂರು ಉದ್ದವಾಗುತ್ತದೆ, ಬಣ್ಣಗಳನ್ನು ಬಿಡಿಸುವ ಗ್ರೇಟಿಂಗ್ ಎಂಬ ಗೀರು ಫಲಕ ಅದನ್ನು ಕೆಂಪು ಕಡೆಗೆ ಎಸೆಯುತ್ತದೆ. ಲೆಕ್ಕ ಹಾಕಿದರೆ ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 80 ಮೀಟರ್. ಎರಡಕ್ಕೆ 160. ಓದಿದ್ದು ತಲೆಯಲ್ಲಿತ್ತು, ಪೆಟ್ಟಿಗೆಯ ಹತ್ತಿರ ಬಂದಿರಲಿಲ್ಲ.

ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಲ್ಲಿ 2003ರಿಂದ ಕೆಲಸ ಮಾಡುತ್ತಿರುವ, ಗ್ರಹ ಹುಡುಕುವ ಹಾರ್ಪ್ಸ್ ಉಪಕರಣವನ್ನು ನಿರ್ವಾತದ ತೊಟ್ಟಿಯೊಳಗೆ ಇಟ್ಟಿರುವುದು ಇದಕ್ಕೇ. ಅವರ ಗುರಿ ಸೆಕೆಂಡಿಗೆ 1 ಮೀಟರ್. ಭೂಮಿ ಸೂರ್ಯನನ್ನು ಎಳೆಯುವುದು ಸೆಕೆಂಡಿಗೆ ಬರೀ 9 ಸೆಂಟಿಮೀಟರ್, ಅದಿನ್ನೂ ದೂರದ ಮಾತು. ನನಗೆ ನಿರ್ವಾತ ಬೇಕಿರಲಿಲ್ಲ. ಗಾಳಿ ಒಳಗೆ ಹೊರಗೆ ಓಡಾಡದಿದ್ದರೆ ಸಾಕಿತ್ತು. ಮುಚ್ಚಿದ ಪಾತ್ರೆಯಲ್ಲಿ ಗಾಳಿಯ ಸಾಂದ್ರತೆ ಬದಲಾಗುವುದಿಲ್ಲ, ಬೆಳಕಿಗೆ ಲೆಕ್ಕವಾಗುವುದು ಸಾಂದ್ರತೆಯೇ. ಹಾಗೆ ಬಂದಿದ್ದು ಈ 200 ಲೀಟರ್ ಡ್ರಮ್. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಫೈಬರ್ ಮತ್ತು ವೈರು ಹೋಗುವ ತೂತಿಗೆ ಎಂ-ಸೀಲ್. ಕ್ಯಾಮೆರಾದ ಬಿಸಿ ಒಳಗೆ ಸೇರದಂತೆ ಅದರ ಬೆನ್ನನ್ನು ಹೊರಗೆ ಬಿಟ್ಟು ಸುತ್ತ ರಬ್ಬರ್ ಕೊಟ್ಟೆ. ಸೈಕಲ್ ಪಂಪಿನಿಂದ ಚೂರು ಗಾಳಿ ತುಂಬಿ ಸೋಪಿನ ನೀರು ಸವರಿ ಸೋರಿಕೆ ಹುಡುಕಿದೆ. ಪಂಕ್ಚರ್ ಅಂಗಡಿಯ ವಿದ್ಯೆ. ಒಳಗೊಂದು, ಹೊರಗೊಂದು ಬಾರೋಮೀಟರ್ ಚಿಪ್ ಇಟ್ಟೆ. ಹೊರಗಿನದು ಏರಿಳಿಯುತ್ತಲೇ ಇತ್ತು, ಒಳಗಿನದು ಹೆಚ್ಚೂಕಡಿಮೆ ಸುಮ್ಮನಿತ್ತು.

ಉಳಿದ ಚೂರುಪಾರು ಜಾರಿಕೆಗೆ ಎರಡನೇ ಫೈಬರ್ ಹಾಕಿದೆ. ಒಂದರಲ್ಲಿ ನಕ್ಷತ್ರ, ಪಕ್ಕದ್ದರಲ್ಲಿ ಅದೇ ಹೊತ್ತಿಗೆ ಥೋರಿಯಂ. ಎರಡೂ ಜೊತೆಗೆ ಜಾರಿದರೆ ಕಳೆದುಬಿಡಬಹುದು. ಎಲೋಡಿಯವರ ಉಪಾಯವೂ ಇದೇ.

ಇಷ್ಟಾದರೂ ಒಂದು ಕಳ್ಳ ಉಳಿದಿದ್ದ. ನಕ್ಷತ್ರವನ್ನು ಬೇಕೆಂದೇ ಫೈಬರ್ ತುದಿಯ ಒಂದು ಅಂಚಿಗೆ ಸರಿಸಿ ಅಳೆದೆ, ಆಮೇಲೆ ಇನ್ನೊಂದು ಅಂಚಿಗೆ. ನೂರು ಮೀಟರಿಗೂ ಜಾಸ್ತಿ ವ್ಯತ್ಯಾಸ. ಫೈಬರ್ ಬೆಳಕನ್ನು ಕಲಸುತ್ತದೆ ಅನ್ನುತ್ತಾರೆ, ದುಂಡನೆಯ ಫೈಬರ್ ಪೂರ್ತಿ ಕಲಸುವುದಿಲ್ಲ. ದೊಡ್ಡವರು ಎಂಟು ಮೂಲೆಯ ಫೈಬರ್ ಬಳಸುತ್ತಾರೆ. ನಾನು ಗೈಡಿಂಗ್, ಅಂದರೆ ನಕ್ಷತ್ರವನ್ನು ಫೈಬರಿನ ನಡುವೆಯೇ ಹಿಡಿದಿಡುವ ಕೆಲಸ, ಬಿಗಿ ಮಾಡಿಕೊಂಡೆ, ಗಾಳಿ ಜೋರಿದ್ದ ರಾತ್ರಿಯ ಲೆಕ್ಕವನ್ನೆಲ್ಲ ಕೈಬಿಟ್ಟೆ.

ಫೆಬ್ರವರಿ, ಮಾರ್ಚಿನಲ್ಲಿ 12 ಒಳ್ಳೆ ರಾತ್ರಿ ಸಿಕ್ಕವು. ಬಿಂದುಗಳನ್ನು 3.3 ದಿನದ ಅವಧಿಗೆ ಮಡಚಿ, ಅಂದರೆ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಇಟ್ಟು, ಹಾಕಿದಾಗ ಅಲೆ ಕಾಣಿಸಿತು. ಬಿಂದುಗಳು 150 ಮೀಟರಿನಷ್ಟು ಚದುರಿವೆ. ಟೌ ಬೂಟಿಸ್ ಜೋರಾಗಿ ತಿರುಗುವ ನಕ್ಷತ್ರ, ಅದರ ಗೆರೆಗಳೇ ಅಗಲ, ಹಾಗಾಗಿ ಇದಕ್ಕಿಂತ ಚೊಕ್ಕ ಮಾಡುವುದು ನನ್ನ ಟೆಲಿಸ್ಕೋಪಿಗೆ ಕಷ್ಟ. ಆದರೆ ಅಲೆ ಇದೆ. ರೈಟರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ಗ್ರಹ ಎಲ್ಲಿದೆ ಇದರಲ್ಲಿ?”

“ಈ ಏರಿಳಿತವೇ ಗ್ರಹ.”

“ಸರಿ ಮತ್ತೆ” ಅಂದು, ಹೋಗುವಾಗ ಬಾರೋಮೀಟರನ್ನು ಒಮ್ಮೆ ತಟ್ಟಿದರು. ಮಾಮೂಲಿಗಿಂತ ಕೆಳಗಿತ್ತು. ಮಾರನೇ ದಿನ ಹೂಮಳೆ ಬಿತ್ತು. ತೋಟಕ್ಕೆ ಒಳ್ಳೆಯದು. ನನ್ನ ಆ ವರ್ಷದ ನಕ್ಷತ್ರ ನೋಡುವ ಕೆಲಸ ಅಲ್ಲಿಗೆ ಮುಗಿಯಿತು.