ನೀರು ನಿಂತದ್ದು ಡೆಕ್ ಮೇಲೆ, ತಪ್ಪು ಇದ್ದದ್ದು ಕೆಳಗೆ

ಮಳೆ ನಿಂತು ಎರಡು ದಿನ ಆದರೂ ಮನೆ ಹಿಂದಿನ ಡೆಕ್ (ಮರದ ಹಲಗೆಯ ಜಗಲಿ) ಮೇಲೆ ನೀರು ಹಾಗೇ ಇರುತ್ತಿತ್ತು. ಗಟ್ಟಿ ಮರದ 20 ಹಲಗೆ, ಒಂದೊಂದೂ 140 ಮಿ.ಮೀ. ಅಗಲ. ಪ್ರತಿ ಹಲಗೆಯ ಮಧ್ಯದಲ್ಲಿ ಉದ್ದಕ್ಕೂ ನೀರಿನ ಒಂದು ತೆಳು ಕಾಲುವೆ. ಪಾಚಿ ಬೇರೆ. ಒಂದು ಬೆಳಿಗ್ಗೆ ಬಟ್ಟೆ ಬುಟ್ಟಿ ಸಮೇತ ಜಾರಿ ಕೂತೆ. ಒಗೆದ ಬಟ್ಟೆಯನ್ನು ಮತ್ತೆ ಒಗೆಯಬೇಕಾಯಿತು.

ಮೊದಲು ಮಾಡಿದ್ದು ದಡ್ಡ ಕೆಲಸ. ಹಲಗೆಯ ಅಂಚು ಎದ್ದಿದೆ, ಉಜ್ಜಿದರೆ ಸಮ ಆಗುತ್ತದೆ ಅಂದುಕೊಂಡು ಒಂದು ಭಾನುವಾರ ಪೂರ್ತಿ ಸ್ಯಾಂಡರ್ ಹಿಡಿದೆ. ಎಣ್ಣೆ ಬಳಿದೆ. ನೋಡೋಕೆ ಚೆನ್ನಾಗಿತ್ತು. ಮುಂದಿನ ಮಳೆಗಾಲಕ್ಕೆ ಕಾಲುವೆ ಮತ್ತೆ ಹಾಜರ್.

ಆಮೇಲೆ ಒಂದು ಬಕೆಟ್ ನೀರು ಸುರಿದು ಸುಮ್ನೆ ಕೂತು ನೋಡಿದೆ. ನೀರು ಸಂದಿಗೆ ಇಳಿಯಲೇ ಇಲ್ಲ. ಸಂದಿ ಇದ್ದರೆ ತಾನೇ ಇಳಿಯೋದು! ಬೇಸಿಗೆಯಲ್ಲಿ ಹಲಗೆಗಳನ್ನು ಒತ್ತೊತ್ತಾಗಿ ಕೂರಿಸಿದ್ದರು. ಮರ ನೀರು ಕುಡಿದಾಗ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಅಲ್ಲವೇ ಅಲ್ಲ ಅನ್ನುವಷ್ಟು ಕಡಿಮೆ. ಉಳಿದಿದ್ದ ಚೂರುಪಾರು ಸಂದಿಯಲ್ಲಿ ಎಲೆಪುಡಿ, ಮಣ್ಣು ಮೆತ್ತಿಕೊಂಡಿತ್ತು.

ತುದಿಯ ಹಲಗೆ ಬಿಚ್ಚಿದಾಗ ಅಸಲಿ ಕಥೆ ಗೊತ್ತಾಯಿತು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಳಗೆ ನೆಲ ಕೆಸರು, ಸುತ್ತಲೂ ಅಂದಕ್ಕೆ ಹೊಡೆದ ಪಟ್ಟಿ, ಗಾಳಿಗೆ ದಾರಿಯೇ ಇಲ್ಲ. ಹಲಗೆಯ ಬೆನ್ನು ಕೈಗೆ ತಣ್ಣಗೆ ಹತ್ತುತ್ತಿತ್ತು, ಮುಖ ಬಿಸಿಲಿಗೆ ಕಾದಿತ್ತು. ಮೇಲ್ಭಾಗ ಒಣಗಿ ಕುಗ್ಗುತ್ತದೆ, ತಳ ತೇವದಲ್ಲಿ ಉಬ್ಬಿಕೊಂಡೇ ಇರುತ್ತದೆ. ಎರಡೂ ಅಂಚು ಮೇಲೆದ್ದು ಹಲಗೆ ದೋಣಿಯಾಗುತ್ತದೆ. ನಾನು ಉಜ್ಜಿದ್ದು ದೋಣಿಯ ಅಂಚನ್ನು!

ಹಾಗಾಗಿ ನೆಲದಿಂದಲೇ ಶುರು ಮಾಡಿದೆ. ಮಣ್ಣು ಕೆರೆದು ಮನೆಯಿಂದ ಆಚೆಗೆ ಮೀಟರಿಗೆ 2 ಸೆಂ.ಮೀ. ವಾಟ ಕೊಟ್ಟೆ. ಕೊನೆಯಲ್ಲಿ ಒಂದು ಕಾಲುವೆ, ಅದರಲ್ಲಿ ಬಟ್ಟೆ ಸುತ್ತಿದ ತೂತಿನ ಪೈಪು, ಮೇಲೆ ಜಲ್ಲಿ. ಬೆನ್ನು ಬಿದ್ದುಹೋಯಿತು, ಆದರೆ ಇಡೀ ಕೆಲಸದಲ್ಲಿ ಜಾಸ್ತಿ ಪ್ರಯೋಜನ ಆಗಿದ್ದು ಇದರಿಂದಲೇ. ಸುತ್ತಲಿನ ಪಟ್ಟಿ ಕಿತ್ತು, ಸಂದು ಬಿಟ್ಟ ರೀಪು ಹೊಡೆದೆ.

ಹಲಗೆ ಬಿಚ್ಚುವುದು ಬೇಸರದ ಕೆಲಸ. ಹಿಂದಿನವರು ಕಬ್ಬಿಣದ ಸ್ಕ್ರೂ ಹಾಕಿದ್ದರು. ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಕಬ್ಬಿಣಕ್ಕೆ ತಾಗಿ ಪ್ರತಿ ತಲೆಯ ಸುತ್ತ ಕಪ್ಪು ಮಸಿ. ಕೆಲವು ಅರ್ಧಕ್ಕೇ ತುಂಡಾದವು. ಕೆಳಗಿನ ತೊಲೆಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದೆ, ಮೂರು ಕಡೆ ಮೆತ್ತಗಿತ್ತು, ಸರಿಯಾಗಿ ಹಳೇ ಸ್ಕ್ರೂ ತೂತುಗಳ ಹತ್ತಿರವೇ. ಕೊಳೆತದ್ದನ್ನು ಉಳಿಯಿಂದ ಕೆತ್ತಿ ತೆಗೆದು, ಪಕ್ಕಕ್ಕೆ ಹೊಸ ತುಂಡು ಜೋಡಿಸಿದೆ. ಎಲ್ಲಾ ತೊಲೆಗಳ ನೆತ್ತಿಗೆ ನೀರು ಇಳಿಯದಂತೆ ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಅಂಟಿಸಿದೆ.

ಹಲಗೆಗಳನ್ನು ನೆರಳಲ್ಲಿ, ನಡುವೆ ಕಡ್ಡಿ ಇಟ್ಟು ಪೇರಿಸಿ ಕೆಲವು ವಾರ ಬಿಟ್ಟೆ. ಅರ್ಧದಷ್ಟು ತಾವಾಗೇ ನೆಟ್ಟಗಾದವು. ಉಳಿದವನ್ನು ಬೆನ್ನು ಮೇಲೆ ಮಾಡಿ ಹಾಕಿದೆ. ಹಳೇ ತೂತುಗಳು ಕಾಣುತ್ತವೆ, ಕಾಣಲಿ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಮೊದಲೇ ತೂತು ಕೊರೆದು. ಗಟ್ಟಿ ಮರಕ್ಕೆ ಕೊರೆಯದೆ ಸ್ಕ್ರೂ ಹಾಕಿದರೆ ಹಲಗೆ ಸೀಳುತ್ತದೆ, ಇಲ್ಲ ಸ್ಕ್ರೂ ತಲೆ ಕಳಚುತ್ತದೆ.

ಸಂದಿಗೆ 5 ಮಿ.ಮೀ. ಡ್ರಿಲ್ ಬಿಟ್‌ಗಳನ್ನೇ ಅಳತೆಯಾಗಿ ನಡುವೆ ಇಟ್ಟೆ. ಇಲ್ಲೊಂದು ಲೆಕ್ಕ ಮರೆತಿದ್ದೆ. 20 ಹಲಗೆಗೆ 19 ಸಂದಿ, ಅಂದರೆ 95 ಮಿ.ಮೀ. ಜಾಗ ಎಲ್ಲಿಂದ ಬರಬೇಕು? ಹಾಕಿದ್ದ ನಾಲ್ಕು ಹಲಗೆ ಮತ್ತೆ ಬಿಚ್ಚಿ, ಎರಡೂ ತುದಿಯ ಹಲಗೆಗಳ ಅಗಲದಲ್ಲಿ ಆ 95 ಮಿ.ಮೀ.ಯನ್ನು ಅರ್ಧರ್ಧ ಪಾಲು ಕೊಯ್ದು ಹೊಂದಿಸಿದೆ.

ಈಗ ಬಕೆಟ್ ನೀರು ಸುರಿದರೆ ಕ್ಷಣದಲ್ಲಿ ಕೆಳಗೆ ಇಳಿದ ಸದ್ದು ಕೇಳುತ್ತದೆ. ಗೋಡೆ ಪಕ್ಕದ ಒಂದು ಹಲಗೆ ಮಾತ್ರ ಇನ್ನೂ ಒಂದು ಚಮಚ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಟ್ಟುಬಿಟ್ಟಿದ್ದೇನೆ. ಎಲೆ ಉದುರುವ ಕಾಲದಲ್ಲಿ ಹಳೇ ಹ್ಯಾಕ್ಸಾ ಬ್ಲೇಡಿನಿಂದ ಸಂದಿಗಳನ್ನು ಎಳೆದು ಶುಚಿ ಮಾಡುತ್ತೇನೆ, ಅರ್ಧ ಗಂಟೆ ಸಾಕು.