ಡೀನಾ ಆಶರ್-ಸ್ಮಿತ್ ಓಡಿದ ದಾರಿಯಲ್ಲಿ ಮಗಳನ್ನು ಓಡಿಸಿದ ನನ್ನ ಅನುಭವ

2025ರ ಬೇಸಿಗೆಯಲ್ಲಿ ನನ್ನ ಮಗಳು 200 ಮೀಟರ್ ಓಟವನ್ನು 24.9 ಸೆಕೆಂಡಿನಲ್ಲಿ ಮುಗಿಸಿದ ಮರುವಾರ, ನಾಲ್ಕು ವರ್ಷ ನನ್ನ ಯೋಜನೆಯನ್ನು ಕಂಡು ನಗುತ್ತಿದ್ದ ಹಿರಿಯ ಕೋಚ್ ಒಬ್ಬರು ತಾವಾಗಿಯೇ ಬಳಿಗೆ ಬಂದು ಅಭ್ಯಾಸದ ಪಟ್ಟಿಯನ್ನು ಕೇಳಿದರು. ಕೊಟ್ಟೆ, ಎರಡು ಸಾಲುಗಳನ್ನು ಅಳಿಸಿಯೇ ಕೊಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈಸೂರಿನ ಚಾಮುಂಡಿ ವಿಹಾರದ ಟ್ರ್ಯಾಕಿನಲ್ಲಿ ಕಾಲೇಜು ದಿನಗಳಲ್ಲಿ ಓಡಿದ ಅನುಭವ ಮತ್ತು ಇಲ್ಲಿ ಆಗ್ನೇಯ ಲಂಡನ್ನಿನಲ್ಲಿ ಪಡೆದ ಸಹಾಯಕ ಕೋಚ್ ಪರವಾನಗಿ, ಇವಿಷ್ಟೇ ನನ್ನ ಬಂಡವಾಳವಾಗಿತ್ತು.

ಪಟ್ಟಿಯ ಮೂಲ ಬ್ರಿಟನ್ನಿನ ಸ್ಪ್ರಿಂಟ್ (ಕಡಿಮೆ ದೂರದ ವೇಗದ ಓಟ) ಓಟಗಾರ್ತಿ ಡೀನಾ ಆಶರ್-ಸ್ಮಿತ್ ಅವರ ಓಟದ ಬದುಕು. ಅವರು ಬೆಳೆದದ್ದು ಬ್ಲ್ಯಾಕ್‌ಹೀತ್ ಅಂಡ್ ಬ್ರಾಮ್ಲಿ ಕ್ಲಬ್ಬಿನಲ್ಲಿ. ಆ ಕ್ಲಬ್ಬಿನ ನಾರ್ಮನ್ ಪಾರ್ಕ್ ಟ್ರ್ಯಾಕ್ ನಮ್ಮ ಮನೆಯಿಂದ ದೂರವೇನಲ್ಲ. ಇದೇ ಬಸ್ಸು, ಇದೇ ಮಳೆಯ ಊರಿನಿಂದ ಹೋದ ಹುಡುಗಿ ಜಗತ್ತನ್ನು ಗೆದ್ದಿದ್ದಾರೆಂದರೆ ಅವರು ನಡೆದ ದಾರಿ ನಮ್ಮ ಕಣ್ಣೆದುರಿಗೇ ಇರಬೇಕು ಎಂಬುದು ನನ್ನ ವಾದವಾಗಿತ್ತು. ಮೊದಲ ವರ್ಷ ಆ ದಾರಿಯನ್ನು ನಾನು ಹಿಂದುಮುಂದಾಗಿ ಹಿಡಿದೆ.

2021ರ ಚಳಿಗಾಲದಲ್ಲಿ ಮಗಳಿಗೆ ಹದಿಮೂರು ತುಂಬಿತ್ತು. ನನ್ನ ತಲೆಯಲ್ಲಿ ಇದ್ದದ್ದು 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್ ಒಂದೇ: ಡೀನಾ ಅವರಿಗೆ 100 ಮೀಟರಿನಲ್ಲಿ 10.83 ಸೆಕೆಂಡಿನ ಬೆಳ್ಳಿ, 200ರಲ್ಲಿ 21.88ರ ಚಿನ್ನ, ಬ್ರಿಟನ್ನಿನ ಮಹಿಳೆಯೊಬ್ಬರು 100 ಅಥವಾ 200 ಮೀಟರಿನಲ್ಲಿ ಗೆದ್ದ ಮೊತ್ತಮೊದಲ ವಿಶ್ವಮಟ್ಟದ ಪ್ರಶಸ್ತಿ. ಇಪ್ಪತ್ಮೂರು ವರ್ಷದ ಆ ಓಟಗಾರ್ತಿಯ ಮೈಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹದಿಮೂರರ ಹುಡುಗಿಗೆ ವಾರಕ್ಕೆ ಮೂರು ದಿನ ಬ್ಲಾಕ್ಸ್‌ನಿಂದ (ಓಟದ ಆರಂಭಕ್ಕೆ ಪಾದ ಒತ್ತಿ ನಿಲ್ಲುವ ಆಸರೆ) ಸ್ಟಾರ್ಟ್, ಎರಡು ದಿನ ತೂಕ ಹೇರಿದ ಸ್ಲೆಡ್ ಎಳೆಯುವುದು, ಮೂವತ್ತು ಮೀಟರಿನ ಪೂರ್ಣ ವೇಗದ ಓಟಗಳು ಎಂದು ಬರೆದೆ. ಸ್ಲೆಡ್‌ಗೆ ಸುಮಾರು ತೊಂಬತ್ತು ಪೌಂಡ್, ಕಾರ್ಬನ್ ತಟ್ಟೆಯ ಸ್ಪೈಕ್ಸ್ ಬೂಟಿಗೆ ನೂರೈವತ್ತು. ಫೆಬ್ರುವರಿಯ ಹೊತ್ತಿಗೆ ಅವಳ ಎರಡೂ ಮೊಣಕಾಲಿನ ಕೆಳಗಿನ ಮೂಳೆ ಮುಟ್ಟಿದರೆ ಚೀರುವಷ್ಟು ನೋಯುತ್ತಿತ್ತು. ಫಿಸಿಯೋಥೆರಪಿಗೆ ಒಂಬತ್ತು ಸಲವೋ ಹತ್ತು ಸಲವೋ ಹೋದೆವು, ಒಟ್ಟು ಐನೂರು ಪೌಂಡ್ ದಾಟಿತು. ಅಷ್ಟೆಲ್ಲ ಮಾಡಿದ ಮೇಲೆ ಅವಳ 100 ಮೀಟರ್ ವೇಳೆ 13.1ರಿಂದ 13.2ಕ್ಕೆ ಏರಿತ್ತು. ಸ್ಲೆಡ್ ಇವತ್ತಿಗೂ ಹಿತ್ತಲಿನ ಶೆಡ್‌ನಲ್ಲಿದೆ. ಅದರ ಮೇಲೆ ಕುಂಡಗಳನ್ನು ಇಟ್ಟಿದ್ದೇನೆ.

ಅವಳು ಏಳು ವಾರ ಓಡದೆ ಕುಳಿತಿದ್ದಾಗ ಡೀನಾ ಅವರ ಫಲಿತಾಂಶಗಳನ್ನು ಮೊದಲಿನಿಂದ, ವರ್ಷದ ಕ್ರಮದಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದೆ. ಹದಿಮೂರನೆಯ ವಯಸ್ಸಿನಲ್ಲಿ ಅವರ ಹೆಸರು ಮೊದಲು ಕೇಳಿಬಂದದ್ದು 300 ಮೀಟರಿನಲ್ಲಿ, ಮೂವತ್ತೊಂಬತ್ತು ಸೆಕೆಂಡಿನ ಆಸುಪಾಸಿನ ಓಟದಿಂದ. 2013ರಲ್ಲಿ ಯುರೋಪಿನ ಜೂನಿಯರ್ ಚಿನ್ನ ಬಂದದ್ದು 200ರಲ್ಲಿ. ಅದೇ ವರ್ಷ ಮಾಸ್ಕೋದಲ್ಲಿ ಹದಿನೇಳರ ಹುಡುಗಿಗೆ ದೊಡ್ಡವರ ವಿಶ್ವ ಪದಕ ಸಿಕ್ಕಿದ್ದು ನಾಲ್ವರು ಸರದಿಯಂತೆ ಓಡುವ ರಿಲೇಯಲ್ಲಿ. 100 ಮೀಟರಿನ ದೊಡ್ಡ ಗೆಲುವು, ಯೂಜೀನ್‌ನ ವಿಶ್ವ ಜೂನಿಯರ್ ಚಿನ್ನ, ಬಂದದ್ದು 2014ರಲ್ಲಿ. ಬ್ರಿಟನ್ನಿನ ಮಹಿಳೆಯರಲ್ಲಿ ಮೊದಲಿಗರಾಗಿ ಹನ್ನೊಂದು ಸೆಕೆಂಡಿನ ಒಳಗೆ, 10.99ರಲ್ಲಿ, ಅವರು ಓಡಿದ್ದು 2015ರ ಜುಲೈನಲ್ಲಿ, ಲಂಡನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಅದೇ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ನಡೆದಾಗ ಅವರು ಓಟಗಾರರು ಕಳಚಿಟ್ಟ ಬಟ್ಟೆಯ ಪೆಟ್ಟಿಗೆ ಹೊರುವ ಸ್ವಯಂಸೇವಕಿಯಾಗಿದ್ದರು. ಎಳೆಯ ವಯಸ್ಸಿನಿಂದ 2023ರವರೆಗೆ ಕೋಚ್ ಒಬ್ಬರೇ, ಜಾನ್ ಬ್ಲ್ಯಾಕಿ. ಈ ನಡುವೆಯೇ ಕಿಂಗ್ಸ್ ಕಾಲೇಜಿನಲ್ಲಿ ಇತಿಹಾಸದ ಪದವಿಯನ್ನೂ ಮುಗಿಸಿದರು. ಪುಟ ಮುಗಿದಾಗ ನನ್ನ ತಪ್ಪು ನನಗೇ ಕಂಡಿತು: ಬೆಳೆ ಕೊಯ್ಯುವ ದಿನದ ಕೆಲಸವನ್ನು ನಾನು ಬಿತ್ತನೆಯ ದಿನ ಮಾಡಿಸಿದ್ದೆ.

ಹೊಸ ಯೋಜನೆ ಸರಳವಾಗಿತ್ತು. ಹದಿನಾರು ತುಂಬುವವರೆಗೆ 100 ಮೀಟರ್ ಸ್ಪರ್ಧೆ ವರ್ಷಕ್ಕೆ ಎರಡು ಅಥವಾ ಮೂರು ಮಾತ್ರ. ಬೇಸಿಗೆಯಲ್ಲಿ 300 ಮತ್ತು 200. ಚಳಿಗಾಲದಲ್ಲಿ ಒಳಾಂಗಣದ 60. ಕ್ಲಬ್ಬಿನ ರಿಲೇಯಲ್ಲಿ ಮೂರನೆಯವಳಾಗಿ ಓಡುವುದು. ಪರೀಕ್ಷೆಯ ತಿಂಗಳಲ್ಲಿ ವಾರಕ್ಕೆ ಎರಡೇ ಅಭ್ಯಾಸ. ಇಂಗ್ಲೆಂಡಿನಲ್ಲಿ ಆಗ ಹದಿನೇಳರೊಳಗಿನ ಹುಡುಗಿಯರಿಗೆ 400ರ ಬದಲು 300 ಇದ್ದುದರಿಂದ ಸ್ಪರ್ಧೆಗಳಿಗೆ ಬರವಿರಲಿಲ್ಲ. ಆ ಹಿರಿಯ ಕೋಚ್ ಮಾತ್ರ, ಚಿಗುರು ಕಾಲಿಗೆ 300 ಓಡಿಸಿದರೆ ಚುರುಕು ಸತ್ತುಹೋಗುತ್ತದೆ ಎಂದು ಎಲ್ಲರ ಮುಂದೆ ಹೇಳಿದರು. ಮೊದಲ 300 ಅವರ ಮಾತಿಗೇ ಸಾಕ್ಷಿಯಾಯಿತು: 46 ಸೆಕೆಂಡು ಚಿಲ್ಲರೆ, ಗೆರೆ ದಾಟಿದ ಕೂಡಲೇ ಬೇಲಿಯ ಪಕ್ಕದಲ್ಲಿ ವಾಂತಿ. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು, "ಅಮ್ಮಾ, ನಿಮ್ಮ ನೋಟ್‌ಬುಕ್ಕನ್ನು ನೀವೇ ಓಡಿ" ಎಂದಳು.

ಫಲ ಕೊಟ್ಟದ್ದು ತಿರುವಿನ ಅಭ್ಯಾಸ. ರಿಯೋ ಒಲಿಂಪಿಕ್ಸ್‌ನಲ್ಲೂ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ರಿಲೇಯ ಕಂಚು ಬಂದಾಗ ಡೀನಾ ಓಡಿದ್ದು ಮೂರನೆಯ ಭಾಗವನ್ನು, ಎಂದರೆ ಎರಡನೆಯ ತಿರುವನ್ನು; ತಿರುವಿನಲ್ಲಿ ವೇಗ ಬಿಡದವರಿಗೆ ಮಾತ್ರ ಒಪ್ಪಿಸುವ ಜಾಗ ಅದು. ಹಾಗಾಗಿ ಮಂಗಳವಾರ ಸಂಜೆ ಮೂರನೆಯ ಲೇನಿನಲ್ಲಿ ತಿರುವಿನ ಒಳಗೇ ಎಂಬತ್ತು ಮೀಟರಿನ ಐದು ಓಟ, ನಡುವೆ ಆರೇಳು ನಿಮಿಷ ಬಿಡುವು. ಹಾಲಿನ ಕ್ರೇಟನ್ನು ಮಗುಚಿ ಅದರ ಮೇಲೆ ಫೋನ್ ನಿಲ್ಲಿಸುತ್ತಿದ್ದೆ. ಒದ್ದೆ ಟ್ರ್ಯಾಕಿನಲ್ಲಿ ಸೀಮೆಸುಣ್ಣ ಹಿಡಿಯುವುದಿಲ್ಲವಾದ್ದರಿಂದ ಹಳದಿ ಟೇಪಿನ ತುಂಡುಗಳನ್ನು ಅಂಟಿಸುತ್ತಿದ್ದೆ, ಅವಳ ಎಡಗಾಲು ಪ್ರತಿ ಸಲ ಟೇಪಿನ ಒಳಬದಿಗೆ ಬೀಳಬೇಕಿತ್ತು. ಟೇಪಿನ ತುಂಡುಗಳ ನಡುವಿನ ಅಂತರ ಹೇಗೆ ಹೆಚ್ಚುತ್ತಾ ಹೋಗುತ್ತದೆ ಎಂಬುದು ನಾನು ಅಳಿಸಿದ ಎರಡು ಸಾಲುಗಳಲ್ಲಿ ಒಂದು. ಅವಳ ತಂಗಿ ಇನ್ನೂ ಓಡಬೇಕಿದೆ, ಆದ್ದರಿಂದ ಅದು ಸದ್ಯಕ್ಕೆ ಮನೆಯಲ್ಲೇ ಇರಲಿ.

ಇದರ ಜೊತೆಗೆ ಒಂದು ಅಡ್ಡ ಪ್ರಯೋಗವೂ ನಡೆಯಿತು. ನೇರ ಓಟದ ದಾರಿಯ ಮೇಲೆ ಮಹಿಳೆಯರ 100 ಮೀಟರ್ ಹರ್ಡಲ್ಸ್‌ಗಾಗಿ ಹಳದಿ ಗುರುತುಗಳಿರುತ್ತವೆ: ಮೊದಲನೆಯದು 13 ಮೀಟರಿಗೆ, ಆಮೇಲೆ 8.5 ಮೀಟರಿಗೊಂದರಂತೆ, ಕೊನೆಗೆ ಉಳಿಯುವುದು 10.5. ದೋಹಾದ 100 ಮೀಟರ್ ಫೈನಲ್ಲಿನ ವಿಡಿಯೋವನ್ನು ಒಂದೊಂದೇ ಚೌಕಟ್ಟಾಗಿ ಸರಿಸುತ್ತ ಆ ಗುರುತುಗಳ ನಡುವಿನ ವೇಳೆ ಎಣಿಸಿದೆ. ಟಿವಿಯ ಕ್ಯಾಮೆರಾ ಓಡುವವರ ಜೊತೆಯಲ್ಲೇ ಸರಿಯುವುದರಿಂದ ಲೆಕ್ಕ ಒರಟಾಗಿಯೇ ಬಂತು; ಆದರೂ ಪೂರ್ಣ ವೇಗದಲ್ಲಿ ಒಂದು ಅಂತರಕ್ಕೆ 0.8 ಸೆಕೆಂಡಿನಷ್ಟು ಎಂದು ತೋರಿತು. ನನ್ನ ಮಗಳದು ನಡುವಿನಲ್ಲಿ 1.02, ಕೊನೆಯ ಅಂತರಗಳಲ್ಲಿ 1.15. ವೇಳೆ ಸೋರುತ್ತಿದ್ದದ್ದು ಬ್ಲಾಕ್ಸ್‌ನಲ್ಲಿ ಎಂದು ಒಂದು ವರ್ಷ ಹಣ ಸುರಿದಿದ್ದೆ, ಹೆಚ್ಚಿನ ಪಾಲು ಸೋರುತ್ತಿದ್ದದ್ದು ಕೊನೆಯ ಮೂವತ್ತು ಮೀಟರಿನಲ್ಲಿ. ಅದಕ್ಕೆ ಮದ್ದು 300. ಈ ಎಣಿಕೆಗೆಂದು ನಾನೂರು ಪೌಂಡ್ ಕೊಟ್ಟು ಬೆಳಕಿನ ಕಿರಣದ ಟೈಮಿಂಗ್ ಗೇಟ್‌ಗಳನ್ನೂ ತರಿಸಿದೆ. ಮಳೆಹನಿಗೂ ಹಾರುವ ಎಲೆಗೂ ಅವು ವೇಳೆ ತೋರಿಸುತ್ತಿದ್ದವು, ಅರ್ಧ ಬೆಲೆಗೆ ಮಾರಿದೆ. ಫೋನೇ ಸಾಕಾಯಿತು.

ಗಾಯದ ವರ್ಷಗಳಿಂದ ಕಲಿತದ್ದೂ ಇದೆ. 2017ರ ಫೆಬ್ರುವರಿಯಲ್ಲಿ ಡೀನಾ ಅವರ ಪಾದದ ಮೂಳೆ ಮುರಿಯಿತು; ಆಗಸ್ಟಿನಲ್ಲಿ ಲಂಡನ್ನಿನ ವಿಶ್ವ ಕೂಟದ 200ರಲ್ಲಿ 22.22 ಓಡಿ ನಾಲ್ಕನೆಯವರಾದರು, ರಿಲೇಯಲ್ಲಿ ಬೆಳ್ಳಿ ಬಂತು, ಮರುವರ್ಷ ಬರ್ಲಿನ್‌ನ ಯುರೋಪಿಯನ್ ಕೂಟದಲ್ಲಿ ಮೂರು ಚಿನ್ನ. 2021ರಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದದ್ದು ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮೊದಲು; ಟೋಕಿಯೋದಲ್ಲಿ 100ರ ಸೆಮಿಫೈನಲ್ ದಾಟಲಿಲ್ಲ, 200ರಿಂದ ಹಿಂದೆ ಸರಿದರು, ಆದರೆ ರಿಲೇ ಬಿಡಲಿಲ್ಲ. ಎರಡನೆಯ ವರ್ಷ ಮಗಳ ತೊಡೆ ಹಿಡಿದುಕೊಂಡಾಗ ಕೌಂಟಿ (ಜಿಲ್ಲಾ ಮಟ್ಟದ) ಕೂಟವನ್ನು ಬಿಡಿಸಿ ರಿಲೇಗೆ ಮಾತ್ರ ಇಳಿಸಿದ ಧೈರ್ಯ ನನಗೆ ಬಂದದ್ದು ಇದರಿಂದಲೇ. ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಗೆರೆ ಎಳೆದಿರುವ ಇನ್ನೊಂದು ಜಾಗವಿದೆ. ಬರ್ಲಿನ್‌ನಲ್ಲಿ 10.85 ಮತ್ತು 21.89, ದೋಹಾದಲ್ಲಿ 10.83 ಮತ್ತು 21.88. ಒಂದಿಡೀ ವರ್ಷದ ದುಡಿಮೆಗೆ 200ರಲ್ಲಿ ಸಿಕ್ಕಿದ್ದು ಸೆಕೆಂಡಿನ ನೂರನೆಯ ಒಂದು ಭಾಗ. ಅವಳ 300 ಒಂದು ಬೇಸಿಗೆಯಿಡೀ 43ರಲ್ಲೇ ಅಂಟಿಕೊಂಡಾಗ ಈ ಪುಟವನ್ನು ತೆರೆದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೆ.

ಲೆಕ್ಕ ಹೀಗಿದೆ: 300ರಲ್ಲಿ 46ರಿಂದ 41ರ ಒಳಗೆ, 200ರಲ್ಲಿ 27.3ರಿಂದ 24.9, ಹೆಚ್ಚು ಓಡಿಸದೇ ಇದ್ದ 100ರಲ್ಲಿ 13.2ರಿಂದ 12.2. ಹದಿಮೂರರಿಂದ ಹದಿನೇಳರ ನಡುವೆ ಬೆಳೆಯುವ ಹುಡುಗಿ ಹೇಗೂ ವೇಗವಾಗುತ್ತಾಳೆ ಎಂದು ನೀವು ಹೇಳಬಹುದು. ಅವಳ ಜೊತೆ ಆರಂಭಿಸಿ ಬ್ಲಾಕ್ಸ್‌ನಲ್ಲೇ ಉಳಿದ ಮೂವರಲ್ಲಿ ಇಬ್ಬರು ಈಗ ಓಡುತ್ತಿಲ್ಲ, ಮೂರನೆಯವಳು 12.9ರಲ್ಲಿದ್ದಾಳೆ. ನಾಲ್ಕು ವರ್ಷದ ಖರ್ಚು, ಕಳೆದುಕೊಂಡದ್ದನ್ನೂ ಸೇರಿಸಿ, ಮೂರು ಸಾವಿರ ಪೌಂಡಿನ ಹತ್ತಿರ. ಅದರಲ್ಲಿ ಸಾವಿರ ಮೊದಲ ಚಳಿಗಾಲದ ಮೂರ್ಖತನಕ್ಕೆ ಹೋಯಿತು.

ಇನ್ನೂ ಸರಿಹೋಗದೇ ಇರುವುದು ಸ್ಟಾರ್ಟ್. ಒಳಾಂಗಣದ 60 ಮೀಟರಿನಲ್ಲಿ ಅವಳು 7.9ರ ಕೆಳಗೆ ಬಂದಿಲ್ಲ, ಗುಂಡಿನ ಸದ್ದಿಗೆ ತಲೆ ಮೊದಲು ಏಳುತ್ತದೆ. ಹಿಂದಿನ ಪಾದದ ಬ್ಲಾಕನ್ನು ಒಂದು ಕಚ್ಚಿನಷ್ಟು ಹತ್ತಿರ ತಂದು ಈ ತಿಂಗಳು ನೋಡುತ್ತಿದ್ದೇವೆ. ಮೊದಲ ಎರಡು ವಾರದಲ್ಲಿ ವೇಳೆ ಕದಲಿಲ್ಲ, ಮೂರನೆಯ ವಾರ ಅವಳಿಗೆ ನೆಗಡಿ.